ಇಮ್ಯಾಟಿನಿಬ್: ನುಂಗುವ ಕ್ರಮ, ರಿಪೋರ್ಟ್ ಓದುವ ಕ್ರಮ

ಸಿಎಮ್‌ಎಲ್ ಎಂಬ ರಕ್ತಕ್ಯಾನ್ಸರ್‌ಗೆ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಮುಂಬೈ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬಂದವರ ಕೈಗೂ, ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ನೆಲೆಸಿದವರ ಕೈಗೂ ಸಾಮಾನ್ಯವಾಗಿ ಸಿಗುವ ಚೀಟಿ ಒಂದೇ: ಇಮ್ಯಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು.

ಈ ಕಾಯಿಲೆಯಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ‘ಬೆಳೆ, ಬೆಳೆ’ ಎಂದು ಅದು ಜೀವಕೋಶಕ್ಕೆ ಬಿಡುವಿಲ್ಲದೆ ಸಂಕೇತ ಕಳಿಸುತ್ತದೆ. ಆ ಕೆಲಸಕ್ಕೆ ಅದಕ್ಕೆ ಎಟಿಪಿ ಎಂಬ ಶಕ್ತಿ ಕೊಡುವ ಅಣು ಬೇಕು. ಎಟಿಪಿ ಕೂರುವ ಗೂಡಿನಲ್ಲಿ ಇಮ್ಯಾಟಿನಿಬ್ ಹೋಗಿ ಕೂತರೆ ಸಂಕೇತ ನಿಲ್ಲುತ್ತದೆ. ಆದರೆ ಸುಮಾರು 18 ಗಂಟೆಯಲ್ಲಿ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯುತ್ತದೆ. ಮೈ ಹಗುರಾಯಿತೆಂದು ನಾಲ್ಕು ದಿನ ಬಿಟ್ಟರೆ ಗೂಡು ಖಾಲಿ, ಸಂಕೇತ ಮತ್ತೆ ಶುರು.

ದಿನದ ದೊಡ್ಡ ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಿ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಬರುವುದು ಹೆಚ್ಚು. ನುಂಗಿದ ಕೂಡಲೇ ಮಲಗಬೇಡಿ. ನುಂಗಲು ಆಗದವರು 400ರ ಮಾತ್ರೆಯನ್ನು ಸ್ಟೀಲ್ ಲೋಟದಲ್ಲಿ ಸುಮಾರು 200 ಮಿಲಿ ನೀರಿಗೆ ಹಾಕಿ, ಚಮಚದಿಂದ ಕದಡಿ, ಕರಗಿದ ತಕ್ಷಣ ಕುಡಿಯಬಹುದು. ತಳದಲ್ಲಿ ಗಸಿ ಉಳಿದರೆ ಮತ್ತಿಷ್ಟು ನೀರು ಹಾಕಿ ಅದನ್ನೂ ಕುಡಿಯಿರಿ, ಅದೂ ಔಷಧವೇ. ಪುಡಿ ಮಾಡಿದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಮುಂಬೈ ಮಳೆಗಾಲದ ತೇವಕ್ಕೆ ಮಾತ್ರೆಗಳು ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಬಿಡಿಸಿ ಹಾಕಬೇಡಿ.

ಬೆಳಿಗ್ಗೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡದಲ್ಲಿ ಸೆಳೆತ ಸಾಮಾನ್ಯ. ಇದಕ್ಕೆ ಹೆದರಿ ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿ. ವಾರಕ್ಕೊಮ್ಮೆ ತೂಕ ನೋಡಿ. ತೂಕ ಇದ್ದಕ್ಕಿದ್ದಂತೆ ಏರಿದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ ಅಂದೇ ತೋರಿಸಿ. ಟಿಬಿ ಔಷಧ ರಿಫಾಂಪಿಸಿನ್ ಶುರು ಮಾಡುವ ವೈದ್ಯರಿಗೆ ಇಮ್ಯಾಟಿನಿಬ್ ವಿಷಯ ಮೊದಲೇ ತಿಳಿಸಿ: ಅದು ಯಕೃತ್ತಿನಲ್ಲಿ ಈ ಮಾತ್ರೆಯನ್ನು ಬೇಗ ಒಡೆಸಿ, ರಕ್ತದಲ್ಲಿನ ಪ್ರಮಾಣವನ್ನು ತೀರಾ ಇಳಿಸುತ್ತದೆ. ಕೆಲವು ಫಂಗಸ್ ಔಷಧಗಳು ಉಲ್ಟಾ, ಪ್ರಮಾಣ ಏರಿಸುತ್ತವೆ.

ಇನ್ನು ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಆರ್‌ಎನ್‌ಎ ಮೂಲಕ ಅಳೆಯುವ ಪಿಸಿಆರ್ ರಿಪೋರ್ಟ್. ಹಲವರು ಬಿಳಿ ರಕ್ತಕಣ ಸರಿಹೋದದ್ದನ್ನು ನೋಡಿ ನಿಶ್ಚಿಂತರಾಗುತ್ತಾರೆ, ಅದು ಸಾಲದು. ‘ಐಎಸ್’ (ಅಂತರರಾಷ್ಟ್ರೀಯ ಅಳತೆಪಟ್ಟಿ) ಎಂದು ನಮೂದಾದ ಶೇಕಡಾ ಅಂಕಿಯನ್ನೇ ನೋಡಬೇಕು: 3 ತಿಂಗಳಿಗೆ 10 ಅಥವಾ ಕಡಿಮೆ, 6 ತಿಂಗಳಿಗೆ 1, ವರ್ಷಕ್ಕೆ 0.1. ರಿಪೋರ್ಟ್‌ನಲ್ಲಿ ಐಎಸ್ ಇಲ್ಲದಿದ್ದರೆ ಈ ಗುರಿಗಳೊಂದಿಗೆ ಹೋಲಿಸಬೇಡಿ. ಪ್ರತಿ ಬಾರಿಯೂ ಒಂದೇ ಲ್ಯಾಬ್‌ಗೆ ಕೊಡಿ. ಲ್ಯಾಬ್ ಬದಲಾದರೆ ಅಂಕಿ ಅದರಿಂದಲೇ ಏರುಪೇರಾಗಬಹುದು. ನೇರಳೆ ಮುಚ್ಚಳದ ಟ್ಯೂಬಿನ ರಕ್ತದಲ್ಲಿರುವ ಆರ್‌ಎನ್‌ಎ ಬೇಗ ಕೆಡುತ್ತದೆ. ಊರಲ್ಲಿ ರಕ್ತ ತೆಗೆಸಿ ಕೊರಿಯರ್ ಮಾಡುವವರು ಶನಿವಾರ ತೆಗೆಸಬೇಡಿ, ಭಾನುವಾರ ಅದು ಎಲ್ಲೋ ಬಿದ್ದಿರುತ್ತದೆ.

ಅಂಕಿ ಏರಿದರೆ ವೈದ್ಯರು ಮೊದಲು ಕೇಳುವುದು ‘ಎಷ್ಟು ಮಾತ್ರೆ ತಪ್ಪಿತು?’ ಎಂದು. ಮುಚ್ಚಿಡದೆ ಹೇಳಿ, ಬೈಸಿಕೊಂಡರೂ ಚಿಂತೆಯಿಲ್ಲ. ನಿಜಕ್ಕೂ ತಪ್ಪಿಲ್ಲವಾದರೆ ಬಿಸಿಆರ್-ಎಬಿಎಲ್‌ನಲ್ಲೇ ಏನಾದರೂ ಬದಲಾಗಿದೆಯೇ ಎಂದು ನೋಡುವ ಮ್ಯುಟೇಶನ್ ಪರೀಕ್ಷೆ ಆಗುತ್ತದೆ. ಟಿ315ಐ ಎಂಬ ಬದಲಾವಣೆಯಿದ್ದರೆ ಆ ಗೂಡಿನಲ್ಲಿ ಇಮ್ಯಾಟಿನಿಬ್ ಕೂರಲಾರದು, ಡೋಸ್ ಏರಿಸಿಯೂ ಪ್ರಯೋಜನವಿಲ್ಲ. ಆಗ ಪೊನ್ಯಾಟಿನಿಬ್, ಅಥವಾ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಆಸಿಮಿನಿಬ್‌ನ ಮಾತು ಬರುತ್ತದೆ. ಆಸಿಮಿನಿಬ್ ಎಟಿಪಿಯ ಗೂಡನ್ನು ಬಿಟ್ಟು ಅದೇ ಪ್ರೋಟೀನಿನ ಇನ್ನೊಂದು ಕಡೆ ಕೂತು ಸಂಕೇತವನ್ನು ತಡೆಯುತ್ತದೆ.