ಗಾಳಿಯಿಲ್ಲದ ಟೈರಿಗೆ ಫೋಮ್ ಕೂರಿಸುವುದು: ನನ್ನ ಅನುಭವ

ನನ್ನ ಟ್ರಕ್ಕಿನ ಟೈರಿನಲ್ಲಿ ಒತ್ತಡದ ಗಾಳಿ ಇಲ್ಲ. ಅದು ರೇಡಿಯೊ ನಿಯಂತ್ರಿತ ಆಟಿಕೆ ಟ್ರಕ್; ಇಂಥವುಗಳಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ. ರಿಮ್‌ನಲ್ಲೋ ಟೈರಿನಲ್ಲೋ ಬೇಕೆಂದೇ ಸಣ್ಣ ತೂತು ಬಿಟ್ಟಿರುತ್ತಾರೆ. ಟೈರ್ ಅದುಮಿದಾಗ ಒಳಗಿನ ಗಾಳಿ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಹಾಗಿದ್ದರೆ ವಾಹನದ ಭಾರ ಹೊರುವುದು ಏನು? ರಬ್ಬರಿನ ಪಕ್ಕದ ಗೋಡೆ ಸ್ವಲ್ಪ ಹೊರುತ್ತದೆ, ಉಳಿದದ್ದು ಒಳಗಿರುವ ಫೋಮ್ ಉಂಗುರದ ಪಾಲು. ದೊಡ್ಡ ಜೀಪಿನವರು ಬಂಡೆ ಹತ್ತುವ ಮುಂಚೆ ಟೈರಿನ ಗಾಳಿ ಇಳಿಸಿ, ರಸ್ತೆಗೆ ಮರಳಿದ ಮೇಲೆ ತುಂಬಿಸಿಕೊಳ್ಳುತ್ತಾರೆ. ನಮಗೆ ಆ ಅನುಕೂಲವಿಲ್ಲ. ಟೈರ್ ಮುಚ್ಚುವ ಮೊದಲು ಒಳಗೆ ಏನಿಟ್ಟೆವೋ ಅದೇ ನಮ್ಮ ಗಾಳಿ. ದುಬಾರಿ ಟೈರ್ ಕೊಂಡು ಅದರೊಳಗೆ ಪೆಟ್ಟಿಗೆಯಲ್ಲಿ ಬಂದ ಫೋಮನ್ನೇ ಕಣ್ಣು ಮುಚ್ಚಿ ತುರುಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನನ್ನದು ನಿಜವಾದ ವಾಹನದ ಹತ್ತನೆಯ ಒಂದರ ಅಳತೆಯ ಕ್ರಾಲರ್, ಅಂದರೆ ನಿಧಾನವಾಗಿ ಬಂಡೆ ಏರಲೆಂದೇ ಮಾಡಿದ ನಾಲ್ಕು ಚಕ್ರ ಚಾಲನೆಯ ಟ್ರಕ್. ಬ್ಯಾಟರಿ ಸೇರಿ ಸುಮಾರು ಮೂರು ಕಿಲೋ ತೂಗುತ್ತದೆ. ರಿಮ್ 1.9 ಇಂಚಿನದು, ಟೈರಿನ ಹೊರವ್ಯಾಸ 120 ಮಿಲಿಮೀಟರಿನ ಆಸುಪಾಸು. ಓಡಿಸುವುದು ಹೆಚ್ಚಾಗಿ ರಾಮನಗರ, ಕನಕಪುರ ಕಡೆಯ ಬಂಡೆಗಳ ಮೇಲೆ. ಈ ಭಾಗದ ಕಲ್ಲಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ನಸುಗೆಂಪಿನ ದಪ್ಪ ಹರಳುಗಳು ಮೈಯೆಲ್ಲ ಎದ್ದುಕೊಂಡಿರುವ ಒರಟು ಕಲ್ಲು. ಒಣಗಿದ್ದಾಗ ರಬ್ಬರ್ ಅದನ್ನು ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಆದರೆ ಟೈರ್ ಆ ಹರಳುಗಳ ಮೇಲೆ ಬಾಗಿ ಹರಡಿಕೊಂಡರೆ ಮಾತ್ರ. ಅಂದ ಹಾಗೆ, ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಅಲ್ಲಿಗೆ ಈ ಆಟಿಕೆಗಳನ್ನು ಒಯ್ಯುವುದು ಬೇಡ; ಸುತ್ತಮುತ್ತ ಹೆಸರಿಲ್ಲದ ಗುಂಡುಗಳಿಗೇನೂ ಕೊರತೆಯಿಲ್ಲ, ಜಮೀನಿನವರನ್ನು ಒಂದು ಮಾತು ಕೇಳಿದರೆ ಸಾಕು.

ಟೈರಿನ ಜೊತೆಗೆ ಬರುವ ಫೋಮ್ ಸಾಮಾನ್ಯವಾಗಿ ಒಂದೇ ಬಗೆಯದು: ಸ್ಪಂಜಿನಂಥ ಓಪನ್ ಸೆಲ್ ಫೋಮ್. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಅದುಮಿದರೆ ಗಾಳಿ ಸರಾಗವಾಗಿ ಹೊರಡುತ್ತದೆ, ನೀರು ಅಷ್ಟೇ ಸರಾಗವಾಗಿ ಒಳಬರುತ್ತದೆ. ನೇರವಾಗಿ ಏರುವಾಗ ಇದರಿಂದ ತೊಂದರೆ ಕಾಣುವುದಿಲ್ಲ. ಬಂಡೆಯ ಅಡ್ಡ ಇಳಿಜಾರಿನಲ್ಲಿ ಸಾಗುವಾಗ ಮಾತ್ರ ಬಣ್ಣ ಬಯಲಾಗುತ್ತದೆ. ಕೆಳಬದಿಯ ಎರಡು ಚಕ್ರಗಳ ಮೇಲೆ ಭಾರ ಬೀಳುತ್ತದೆ, ಫೋಮ್ ಪೂರ್ತಿ ಕುಸಿಯುತ್ತದೆ, ಟೈರಿನ ಗೋಡೆ ರಿಮ್‌ನ ಕೆಳಗೆ ಮಡಚಿಕೊಳ್ಳುತ್ತದೆ, ಟ್ರಕ್ ಮಗುಚುತ್ತದೆ. ಇದಕ್ಕೆ ಹೆದರಿ ಪೂರ್ತಿ ಗಟ್ಟಿ ಫೋಮ್ ಹಾಕಿದರೆ ಟೈರ್ ಬಾಗುವುದೇ ಇಲ್ಲ. ಕಲ್ಲಿನ ಮೂಲೆಯ ಮೇಲೆ ಟೈರಿನ ಹೊರಮೈಯ ಒಂದೆರಡು ಗುಬಟುಗಳಷ್ಟೇ ತಾಗಿ ಚಕ್ರ ಸುಮ್ಮನೆ ತಿರುಗುತ್ತದೆ.

ಪರಿಹಾರ ಹೊಸದಲ್ಲ. ರಿಮ್‌ಗೆ ಅಂಟಿಕೊಂಡಂತೆ ಗಟ್ಟಿಯಾದ ಕ್ಲೋಸ್ಡ್ ಸೆಲ್ (ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವ) ಫೋಮಿನ ತಿರುಳು, ಅದರ ಸುತ್ತ ಮೆತ್ತಗಿನ ಓಪನ್ ಸೆಲ್ ಉಂಗುರ. ಹೊರಗಿನದು ಕಲ್ಲಿನ ಆಕಾರಕ್ಕೆ ಬಾಗುತ್ತದೆ, ಒಳಗಿನದು ಒಂದು ಮಿತಿಗಿಂತ ಹೆಚ್ಚು ಕುಸಿಯಲು ಬಿಡುವುದಿಲ್ಲ. ಅಮೆರಿಕದ ಕಂಪನಿಗಳು ಇಂಥ ಎರಡು ಹಂತದ ಫೋಮನ್ನು ಸಿದ್ಧವಾಗಿಯೇ ಮಾರುತ್ತವೆ, ಒಳ್ಳೆಯ ಮಾಲು. ಸಾಗಣೆ ವೆಚ್ಚ, ಆಮದು ಸುಂಕ ಸೇರಿ ಅವು ಬೆಂಗಳೂರಿಗೆ ತಲುಪುವ ಹೊತ್ತಿಗೆ ಬೆಲೆ ನೋಡಿ ನಗು ಬರುತ್ತದೆ. ಕೊನೆಗೂ ಅದು ಫೋಮ್. ನಾನೇ ಕತ್ತರಿಸಿಕೊಳ್ಳಲು ಶುರು ಮಾಡಿದ್ದು ಹಾಗೆ. ಈಗ ಕೈಯಲ್ಲಿ ಹಣವಿದ್ದರೂ ಸಿದ್ಧ ಫೋಮ್ ತರಿಸುವುದಿಲ್ಲ, ಏಕೆಂದರೆ ನನ್ನ ಟ್ರಕ್ಕಿನ ತೂಕ ಗೊತ್ತಿರುವುದು ನನಗೆ.

ಮೊದಲು ಅಳತೆ. ಟೈರಿನ ಒಳವ್ಯಾಸವನ್ನು ನೇರವಾಗಿ ಅಳೆಯುವುದು ಕಷ್ಟ, ರಬ್ಬರ್ ಬಾಗುತ್ತದೆ. ಹೊರವ್ಯಾಸ ಅಳೆದು, ಗುಬಟೂ ಸೇರಿದಂತೆ ರಬ್ಬರಿನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಹಿಡಿದು, ಅದರ ಎರಡರಷ್ಟನ್ನು ಕಳೆಯುತ್ತೇನೆ. ನನ್ನ ಟೈರಿನಲ್ಲಿ ದಪ್ಪ 8 ಮಿಲಿಮೀಟರ್, ಆದ್ದರಿಂದ ಒಳವ್ಯಾಸ 104. ರಿಮ್‌ನ ನಡುವಿನ ಕೊಳವೆಯಂಥ ಭಾಗ 40. ಎರಡರ ನಡುವೆ ಪ್ರತಿ ಬದಿಯಲ್ಲಿ 32 ಮಿಲಿಮೀಟರ್ ಜಾಗ. ಇದರಲ್ಲಿ ತಿರುಳಿಗೆ 18, ಮೆತ್ತಗಿನ ಉಂಗುರಕ್ಕೆ ಉಳಿದ 14 ಎಂದು ಹಂಚಿಕೊಂಡಿದ್ದೇನೆ. 1.9 ಎಂದು ಬರೆದ ರಿಮ್‌ಗಳೆಲ್ಲ ಒಳಗೆ ಒಂದೇ ಅಳತೆಯವಲ್ಲ, ಆದ್ದರಿಂದ ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ತಿರುಳಿಗೆ ನಾನು ಬಳಸುವುದು 6 ಮಿಲಿಮೀಟರ್ ದಪ್ಪದ ಇವಿಎ ಯೋಗ ಮ್ಯಾಟ್. ಕ್ಲೋಸ್ಡ್ ಸೆಲ್ ಆದ್ದರಿಂದ ನೀರು ಕುಡಿಯುವುದಿಲ್ಲ, ಒತ್ತಿದರೆ ಒಡನೆಯೇ ಮೇಲೇಳುತ್ತದೆ. 25 ಮಿಲಿಮೀಟರ್ ಅಗಲದ ಪಟ್ಟಿಯನ್ನು ಉಕ್ಕಿನ ಸ್ಕೇಲ್ ಒತ್ತಿಟ್ಟು ಹೊಸ ಬ್ಲೇಡಿನಿಂದ ಸೀಳುತ್ತೇನೆ. 40 ಮಿಲಿಮೀಟರ್ ವ್ಯಾಸದ ಪೈಪ್ ತುಂಡಿನ ಮೇಲೆ ಮೂರು ಸುತ್ತು ಸುತ್ತಿದರೆ 18 ಮಿಲಿಮೀಟರ್ ದಪ್ಪ ಬರುತ್ತದೆ, ಅದಕ್ಕೆ ಸುಮಾರು 55 ಸೆಂಟಿಮೀಟರ್ ಉದ್ದದ ಪಟ್ಟಿ ಬೇಕು. ಪಟ್ಟಿಯ ಎರಡೂ ತುದಿಗಳನ್ನು ಓರೆಯಾಗಿ ಸವರಿ ತೆಳುವಾಗಿಸದಿದ್ದರೆ ಸುತ್ತಿನ ಆರಂಭದಲ್ಲೂ ಕೊನೆಯಲ್ಲೂ ಮೆಟ್ಟಿಲು ಉಳಿಯುತ್ತದೆ, ಚಕ್ರ ಕುಂಟುತ್ತದೆ. ಅಂಟಿಗೆ ಫೆವಿಕಾಲ್ ಎಸ್‌ಆರ್ 998. ಎರಡೂ ಮೈಗೆ ತೆಳುವಾಗಿ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಸುತ್ತಬೇಕು. ಹಸಿಯಾಗಿರುವಾಗಲೇ ಸುತ್ತಿದರೆ ಒಳಗಿನ ಪದರದ ಅಂಟು ಬೇಗ ಆರುವುದೇ ಇಲ್ಲ. ಪೈಪಿಗೆ ಮೊದಲೇ ಒಂದು ಸುತ್ತು ಪ್ಲಾಸ್ಟಿಕ್ ಹಾಳೆ ಹಾಕಿರಬೇಕು, ಇಲ್ಲವಾದರೆ ಉಂಗುರ ಪೈಪನ್ನು ಬಿಟ್ಟು ಬರುವುದಿಲ್ಲ.

ತಿರುಳು ದುಂಡಗಿದೆಯೇ ಎಂದು ಖಚಿತವಾಗಬೇಕಾದರೆ ಉದ್ದನೆಯ ಬೋಲ್ಟಿಗೆ ದೊಡ್ಡ ವಾಷರ್‌ಗಳ ನಡುವೆ ಅದನ್ನು ಬಿಗಿದು, ಡ್ರಿಲ್‌ನಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಾ 60ನೇ ನಂಬರಿನ ಮರಳು ಕಾಗದ ತಾಗಿಸಬೇಕು. ಉಬ್ಬುಗಳು ತಾವಾಗಿಯೇ ಸವೆಯುತ್ತವೆ. ಇದೇ ವೇಳೆ ಎರಡೂ ಅಂಚುಗಳನ್ನು ಸ್ವಲ್ಪ ದುಂಡಗಾಗಿಸುತ್ತೇನೆ. ಚೂಪಾದ ಅಂಚು ಟೈರಿನ ಗೋಡೆಯನ್ನು ಒಳಗಿನಿಂದ ತಳ್ಳಿ ಬಾಗದಂತೆ ಮಾಡುತ್ತದೆ. ಏಳುವ ಪುಡಿ ಕೆಟ್ಟದ್ದು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಕುಳಿತು ಮಾಡಿ.

ಹೊರ ಉಂಗುರಕ್ಕೆ ಸೋಫಾ ರಿಪೇರಿಯವರ ಬಳಿ ಸಿಗುವ ಪಾಲಿಯುರೆಥೇನ್ ಫೋಮ್ ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟಿಗೆ ಹೊದಿಕೆ ಹಾಕುವ ಅಂಗಡಿಗಳಿವೆ. ಅಂಥ ಕಡೆ ಕೇಳಿದರೆ ತುಂಡು ಫೋಮ್ ಸಿಗುವುದುಂಟು. ಅಂಗಡಿಯಲ್ಲಿ ಎಲ್ಲರೂ ‘32 ಡೆನ್ಸಿಟಿ, 40 ಡೆನ್ಸಿಟಿ’ ಎಂದೇ ಮಾತನಾಡುತ್ತಾರೆ. ಆ ಅಂಕಿ ಹೇಳುವುದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದನ್ನು, ಎಷ್ಟು ಗಟ್ಟಿ ಎಂಬುದನ್ನಲ್ಲ. ಒಂದೇ 32ರಲ್ಲಿ ಮೆತ್ತಗಿನದೂ ಇದೆ, ಹೆಬ್ಬೆರಳು ಒತ್ತಿದರೆ ಎದುರು ನಿಲ್ಲುವುದೂ ಇದೆ. ಆದ್ದರಿಂದ ಅಂಕಿ ಕೇಳಿ ಕೊಳ್ಳುವುದಿಲ್ಲ, ಒತ್ತಿ ನೋಡಿ ಕೊಳ್ಳುತ್ತೇನೆ. ಒಂದು ಮಾತು ನಿಜ: ಡೆನ್ಸಿಟಿ ಹೆಚ್ಚಿದಷ್ಟು ಫೋಮ್ ಬಾಳಿಕೆ ಬರುತ್ತದೆ, ಬೇಗ ಚಪ್ಪಟೆಯಾಗುವುದಿಲ್ಲ. ಅದಕ್ಕೇ ನನ್ನ ಆಯ್ಕೆ ಯಾವಾಗಲೂ ಡೆನ್ಸಿಟಿ ಹೆಚ್ಚಿರುವ ಆದರೆ ಕೈಗೆ ಮೆತ್ತಗೆನಿಸುವ ಫೋಮ್.

ಮೆತ್ತಗಿನ ಫೋಮನ್ನು ನೆಟ್ಟಗೆ ಕತ್ತರಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಬ್ಲೇಡ್ ಒತ್ತಿದಲ್ಲಿ ಅದು ಕುಗ್ಗುತ್ತದೆ, ಕತ್ತರಿಸಿ ಬಿಟ್ಟ ಮೇಲೆ ನೋಡಿದರೆ ಅಂಚು ಸೊಂಟ ಬಳುಕಿಸಿಕೊಂಡು ನಿಂತಿರುತ್ತದೆ. ಒದ್ದೆ ಮಾಡಿ ಹಿಂಡಿ ಫ್ರೀಜರಿನಲ್ಲಿ ಇಟ್ಟರೆ ಈ ಕಾಟ ತಪ್ಪುತ್ತದೆ. ನೀರು ಮಂಜಾಗಿ ಫೋಮ್ ಹಲಗೆಯಂತೆ ಸೆಟೆದುಕೊಳ್ಳುತ್ತದೆ, ಆಗ ಹಲ್ಲಿರುವ ಬ್ರೆಡ್ ಚಾಕುವಿನಿಂದ ಗೆರೆ ಹಿಡಿದು ಕೊಯ್ಯಬಹುದು. ಮನೆಯಲ್ಲಿ ಅನುಮತಿ ಪಡೆಯುವುದು ನಿಮಗೆ ಬಿಟ್ಟದ್ದು. ಒಂದೂವರೆ ಇಂಚು ದಪ್ಪದ ಹಾಳೆಯ ಮೇಲೆ ರಟ್ಟಿನ ಅಚ್ಚಿಟ್ಟು, ಹೊರವ್ಯಾಸ 106, ಒಳವ್ಯಾಸ 74 ಎಂದು ಗುರುತು ಮಾಡಿಕೊಳ್ಳುತ್ತೇನೆ. ತಿರುಳಿನ ಹೊರವ್ಯಾಸ 76 ಇರುವುದರಿಂದ ಉಂಗುರ ಅದನ್ನು ತಬ್ಬಿ ಹಿಡಿಯುತ್ತದೆ, ಅಂಟು ಬೇಡ. ಟೈರಿನ ಒಳವ್ಯಾಸಕ್ಕಿಂತ 2 ಮಿಲಿಮೀಟರ್ ದೊಡ್ಡದಾಗಿಸುವುದು ರಬ್ಬರ್ ಸಡಿಲವಾಗದಿರಲಿ ಎಂದು. ಅದಕ್ಕಿಂತ ಹೆಚ್ಚು ದೊಡ್ಡದಾದರೆ ಫೋಮ್ ಒಳಗೇ ನೆರಿಗೆ ಬೀಳುತ್ತದೆ, ಟೈರಿನ ನಡುಭಾಗ ಉಬ್ಬಿ ಅಂಚಿನ ಗುಬಟುಗಳು ನೆಲ ಮುಟ್ಟುವುದಿಲ್ಲ. ‘ದೊಡ್ಡದಿದ್ದರೆ ಒಳ್ಳೆಯದು, ಒತ್ತಿ ತುರುಕಿದರಾಯಿತು’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ.

ನಾಲ್ಕೂ ಚಕ್ರಕ್ಕೆ ಒಂದೇ ಗಟ್ಟಿತನ ಬೇಕಿಲ್ಲ. ಕ್ರಾಲರಿನಲ್ಲಿ ಮೋಟಾರು, ಬ್ಯಾಟರಿಗಳನ್ನು ಮುಂದಕ್ಕೆ ಇಡುವುದು ರೂಢಿ. ನನ್ನ ಟ್ರಕ್ಕಿನಲ್ಲಿ ತೂಕದ ಹೆಚ್ಚು ಪಾಲು ಮುಂದಿನ ಆಕ್ಸಲ್ ಮೇಲಿದೆ. ಅಡುಗೆಮನೆಯ ತಕ್ಕಡಿಯ ಮೇಲೆ ಮುಂದಿನ ಚಕ್ರಗಳನ್ನೂ ಆಮೇಲೆ ಹಿಂದಿನವನ್ನೂ ಇಟ್ಟು ನೋಡಿದರೆ ಲೆಕ್ಕ ಸಿಗುತ್ತದೆ. ತೂಗುವಾಗ ಇನ್ನೊಂದು ಜೊತೆಯನ್ನು ತಕ್ಕಡಿಯಷ್ಟೇ ಎತ್ತರದ ಪುಸ್ತಕದ ಮೇಲೆ ಇಡಬೇಕು. ಮುಂದಿನವಕ್ಕೆ ಪೂರ್ತಿ ತಿರುಳು, ಹಿಂದಿನವಕ್ಕೆ ಒಂದು ಸುತ್ತು ಕಡಿಮೆ ತಿರುಳು ಹಾಕಿ, ಕಡಿಮೆಯಾದಷ್ಟು ದಪ್ಪವನ್ನು ಮೆತ್ತಗಿನ ಉಂಗುರಕ್ಕೆ ಸೇರಿಸುತ್ತೇನೆ. ಎಡಕ್ಕೂ ಬಲಕ್ಕೂ ಮಾತ್ರ ಕೂದಲೆಳೆಯ ವ್ಯತ್ಯಾಸವೂ ಇರಬಾರದು. ಇದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಟ್ರಕ್ ಪ್ರತಿ ಏರಿನಲ್ಲೂ ಒಂದೇ ಬದಿಗೆ ಜಾರುತ್ತದೆ.

ಕೂರಿಸುವ ಕೆಲಸಕ್ಕೆ ಬರೋಣ. ನನ್ನವು ಬೀಡ್‌ಲಾಕ್ ರಿಮ್‌ಗಳು. ಟೈರಿನ ಅಂಚನ್ನು ಉಂಗುರವೊಂದು ಸ್ಕ್ರೂಗಳಿಂದ ಕಚ್ಚಿ ಹಿಡಿಯುತ್ತದೆ, ಅಂಟಿನ ಹಂಗಿಲ್ಲ. ಇಂಥ ಪ್ರಯೋಗಕ್ಕೆ ಇವೇ ಸರಿ. ಮೊದಲು ಟೈರಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸುತ್ತೇನೆ, ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಅಂಚಿನಲ್ಲಿ ಉಳಿದಿದ್ದರೆ ಹಿಡಿತ ಜಾರುತ್ತದೆ. ತಿರುಳು ಮತ್ತು ಉಂಗುರ ಸೇರಿದ ಫೋಮನ್ನು ಗೋಡಂಬಿಯ ಆಕಾರಕ್ಕೆ ಮಡಚಿ ಒಳಗೆ ತಳ್ಳಿ, ಬೆರಳುಗಳನ್ನೇ ಸುತ್ತಲೂ ಆಡಿಸಿ ಸಮ ಮಾಡಬೇಕು. ಸ್ಕ್ರೂಡ್ರೈವರ್ ಹಾಕಿ ತಳ್ಳಿದರೆ ಫೋಮ್ ಹರಿಯುತ್ತದೆ. ಆಮೇಲೆ ಟೈರನ್ನು ಅಂಗೈಗಳ ನಡುವೆ ಹಿಡಿದು ಅದುಮುತ್ತಾ ಒಂದು ಸುತ್ತು ತಿರುಗಿಸಿ. ಎಲ್ಲಿ ಗಂಟು ತಾಗಿತೋ ಅಲ್ಲಿ ಫೋಮ್ ಮಡಚಿಕೊಂಡಿದೆ ಎಂದರ್ಥ.

ರಿಮ್ ಸೇರಿಸುವಾಗ ಕಣ್ಣಿಡಬೇಕಾದ ಜಾಗ ಒಂದೇ: ಟೈರಿನ ಅಂಚು ಮತ್ತು ರಿಮ್‌ನ ತೋಡಿನ ನಡುವೆ ಫೋಮ್ ಸಿಕ್ಕಿಕೊಳ್ಳಬಾರದು. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಂಡೆಯ ಮೇಲೆ ಟೈರ್ ಕಳಚಿಕೊಂಡು ಬರುವುದು ಈ ಕಾರಣಕ್ಕೇ. ತಿರುಳಿನ ಅಗಲವನ್ನು 25ಕ್ಕೆ ಇಳಿಸಿದ್ದರ ಹಿಂದಿನ ಉದ್ದೇಶವೂ ಇದೇ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅಲ್ಯುಮಿನಿಯಂ ರಿಮ್‌ಗೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟನ್ನು ಒಂದು ಚುಕ್ಕಿ ಹಾಕಬಹುದು. ಪ್ಲಾಸ್ಟಿಕ್ ರಿಮ್‌ಗೆ ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ಪರೀಕ್ಷೆಗೆ ಬಂಡೆಯವರೆಗೆ ಹೋಗಬೇಕಿಲ್ಲ. ಅಗಲವಾದ ಹಲಗೆಯ ಮೇಲೆ ಟ್ರಕ್ಕನ್ನು ಅಡ್ಡಲಾಗಿ ನಿಲ್ಲಿಸಿ, ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗುತ್ತೇನೆ. ಕೋನವನ್ನು ಮೊಬೈಲ್ ತೋರಿಸುತ್ತದೆ. ಹಳೆಯ ಫೋಮ್ ಮತ್ತು ಹೊಸ ಫೋಮ್ ಯಾವ ಕೋನದಲ್ಲಿ ಮಗುಚಿದವು ಎಂದು ಹೋಲಿಸಿ ನೋಡಿದರೆ ವಾದಕ್ಕೆ ಎಡೆಯೇ ಇರುವುದಿಲ್ಲ. ಹಲಗೆ ಜಾರದಂತೆ ಅದಕ್ಕೆ ಒರಟು ಮರಳು ಕಾಗದ ಅಂಟಿಸಿದ್ದೇನೆ. ಮಗುಚುವ ಕೋನಕ್ಕಿಂತಲೂ ನಾನು ಹೆಚ್ಚು ಗಮನಿಸುವುದು ಕೆಳಬದಿಯ ಟೈರಿನ ಗೋಡೆ ಮಡಚಲು ಶುರುವಾಗುವ ಘಳಿಗೆಯನ್ನು. ಎರಡು ಹಂತದ ಫೋಮಿನಲ್ಲಿ ಅದು ತಡವಾಗಿ ಬರುತ್ತದೆ, ಬಂದರೂ ಥಟ್ಟನೆ ಬರುವುದಿಲ್ಲ. ಸ್ಟೀರಿಂಗ್ ತಿರುಗಿಸಿ ಬಚಾವಾಗಲು ಸಮಯ ಸಿಗುತ್ತದೆ.

ಮಳೆಗಾಲದಲ್ಲಿ ಹೊರಗಿನ ಮೆತ್ತಗಿನ ಉಂಗುರ ನೀರು ಹೀರುವುದನ್ನು ತಡೆಯಲಾಗುವುದಿಲ್ಲ. ಟೈರಿನ ನಡುಪಟ್ಟಿಯಲ್ಲಿ ಎದುರುಬದುರಾಗಿ ಚರ್ಮಕ್ಕೆ ತೂತು ಹಾಕುವ ಪಂಚಿನಿಂದ 3 ಮಿಲಿಮೀಟರಿನ ಎರಡು ತೂತು ಮಾಡಿದ್ದೇನೆ; ಚಕ್ರ ತಿರುಗಿದಾಗ ನೀರು ಅಲ್ಲಿಂದ ಚಿಮ್ಮಿ ಹೋಗುತ್ತದೆ. ಹಳ್ಳ ದಾಟಿದ ದಿನ ಮನೆಗೆ ಬಂದು ಚಕ್ರ ಬಿಚ್ಚಿ, ತೂತು ಕೆಳಗೆ ಬರುವಂತೆ ಒಣಗಲು ಇಡುತ್ತೇನೆ. ಇಡದಿದ್ದರೆ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ, ಫೋಮ್ ನಾತ ಹೊಡೆಯುತ್ತದೆ. ಬಹುದಿನ ಓಡಿಸದಿದ್ದರೆ ಟ್ರಕ್ಕಿನ ಹೊಟ್ಟೆಗೆ ಮರದ ತುಂಡು ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿಡುವುದು ಒಳ್ಳೆಯದು. ಇವಿಎ ಒಂದೇ ಕಡೆ ಒತ್ತಿಸಿಕೊಂಡು ಕುಳಿತರೆ ಅಲ್ಲೇ ಚಪ್ಪಟೆಯಾಗಿ ಉಳಿದುಬಿಡುತ್ತದೆ.

ಇಷ್ಟೆಲ್ಲ ಹೇಳಿದ್ದು ನಿಧಾನದ ಕ್ರಾಲರಿಗೆ. ವೇಗವಾಗಿ ಓಡುವ, ನೆಗೆಯುವ ಟ್ರಕ್ಕುಗಳ ಕಥೆ ಬೇರೆ. ಅಲ್ಲಿ ಟೈರನ್ನು ತೆಳು ಸೂಪರ್ ಗ್ಲೂನಿಂದ ರಿಮ್‌ಗೆ ಅಂಟಿಸಿರುತ್ತಾರೆ. ಬಿಡಿಸಲು ಕುದಿಯುವ ನೀರಿನಲ್ಲಿ ಬೇಯಿಸಬೇಕು ಅಥವಾ ನೈಲಾನ್ ರಿಮ್ ಆಗಿದ್ದರೆ ಅಸಿಟೋನ್‌ನಲ್ಲಿ ನೆನೆಸಬೇಕು, ಎರಡೂ ಗಾಳಿಯಾಡುವ ಜಾಗದಲ್ಲಿ. ವೇಗ ಹೆಚ್ಚಿದಾಗ ಅಲ್ಲಿ ಟೈರ್ ಬಲೂನಿನಂತೆ ಉಬ್ಬುತ್ತದೆ, ಸುತ್ತಿ ಅಂಟಿಸಿದ ಪದರಗಳಲ್ಲಿ ಒಂದು ಬಿಟ್ಟುಕೊಂಡರೂ ಚಕ್ರದ ಸಮತೋಲ ಕೆಟ್ಟು ಇಡೀ ಟ್ರಕ್ ನಡುಗುತ್ತದೆ. ನನ್ನ ಬಳಿ ಅಂಥದ್ದೂ ಒಂದಿದೆ. ಅದಕ್ಕೆ ಅಚ್ಚಿನಲ್ಲಿ ಎರಕವಾದ, ಜೋಡಣೆಯಿಲ್ಲದ ಅಂಗಡಿಯ ಫೋಮನ್ನೇ ಹಾಕುತ್ತೇನೆ.