ಹಳೇ ಪಿಡಿಎ, ವೈಫೈ ಟ್ಯಾಬ್‌ಗೆ ಹೊರಗಿಂದ ಜಿಪಿಎಸ್ ಜೋಡಿಸೋದು: ತಗೋಬೇಕಾ, ತಗೊಂಡ್ರೆ ಹೆಂಗೆ

ಮನೆಗೆ ಸುಣ್ಣಬಣ್ಣ ಹೊಡೆಸ್ವಾಗ ನಮ್ಮ ಸೋದರಮಾವ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದ್ರು. ಒಳಗೆ ಅವರು ಕೆಲಸದಲ್ಲಿದ್ದಾಗ ಇಟ್ಕೊಂಡಿದ್ದ ಐಪ್ಯಾಕ್ ಪಿಡಿಎ (ಸ್ಮಾರ್ಟ್‌ಫೋನ್ ಬರೋಕೆ ಮುಂಚಿನ ಅಂಗೈಯಗಲದ ಕಂಪ್ಯೂಟರ್), ಅದರ ಪಕ್ಕ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರೋ ಕರೀ ಬ್ಲೂಟೂತ್ ಜಿಪಿಎಸ್. "ನಡಿತೈತೇನ್ ನೋಡಪಾ" ಅಂದ್ರು. ಪಿಡಿಎ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳನೇ ಎದ್ದಿತ್ತು, ಅದರ ಕಥೆ ಮುಗಿದಿತ್ತು. ಜಿಪಿಎಸ್ ಡಬ್ಬಿಯ ಬ್ಯಾಟರಿನೂ ಹೋಗಿತ್ತು, ಆದ್ರೆ ಅದಕ್ಕೆ ಹಾಕೋದು ನೋಕಿಯಾ ಬಿಎಲ್-5ಸಿ ಸೈಜಿಂದು, ಅಂದ್ರೆ ದಾವಣಗೆರೆಯಲ್ಲಿ ಯಾವ್ ಮೊಬೈಲ್ ಅಂಗಡಿಗೆ ಹೋದ್ರೂ ಸಿಗೋದು, ಈಗ್ಲೂ ಕೀಪ್ಯಾಡ್ ಫೋನಿಗೆ ಅದೇ ಹಾಕ್ತಾರಲ್ಲ. ಹಾಕಿ ಮಾಳಿಗೆ ಮೇಲೆ ಕಾಲು ಗಂಟೆ ಇಟ್ಟೆ, ದೀಪ ಮಿಣಕ್ ಮಿಣಕ್ ಅನ್ನೋಕೆ ಶುರು ಆಯ್ತು. ಈಗ ಅದು ನನ್ನ ವೈಫೈ ಟ್ಯಾಬ್ ಜೊತೆ ಕೆಲಸ ಮಾಡ್ತಿದೆ. ಪಿಡಿಎ ಸತ್ತು ಎಷ್ಟೋ ವರ್ಷ ಆದ್ಮೇಲೂ ಅದರ ಜಿಪಿಎಸ್ ಬದುಕಿದೆ ಅನ್ನೋದನ್ನ ಇಟ್ಕೊಂಡೇ ನಾನು ಮುಂದಿಂದೆಲ್ಲಾ ಹೇಳ್ತಿರೋದು.

ಮೊದಲು ಒಂದು ಮಾತು. ಕೈಲಿರೋ ಫೋನಲ್ಲೇ ಜಿಪಿಎಸ್ ಇದೆ, ದಾರಿ ನೋಡೋದಷ್ಟೇ ಕೆಲಸ ಅಂದ್ರೆ ಇದು ಬ್ಯಾಡ, ದುಡ್ಡು ಉಳಿಸ್ಕೊಳ್ಳಿ. ಬೇಕಾಗೋದು ಯಾರಿಗೆ ಅಂದ್ರೆ, ಸಿಮ್ ಇಲ್ಲದ ವೈಫೈ ಟ್ಯಾಬ್ ಇಟ್ಕೊಂಡು ದೊಡ್ಡ ಸ್ಕ್ರೀನಲ್ಲಿ ಮ್ಯಾಪ್ ಬೇಕು ಅನ್ನೋರಿಗೆ (ಅಂಥಾ ಟ್ಯಾಬ್ ಕೆಲವಲ್ಲಿ ಜಿಪಿಎಸ್ ಚಿಪ್ಪೇ ಇರಲ್ಲ, ವೈಫೈ ಐಪ್ಯಾಡಲ್ಲಂತೂ ಇಲ್ವೇ ಇಲ್ಲ), ಲ್ಯಾಪ್‌ಟಾಪಲ್ಲಿ ಮ್ಯಾಪ್ ಕೆಲಸ ಮಾಡೋರಿಗೆ, ಆಮೇಲೆ ನನ್ನಂಗೆ ಹಳೇ ಸಾಮಾನು ಎಬ್ಬಿಸೋ ಚಟ ಇರೋರಿಗೆ.

ಯಾವ ಥರದ್ದು ತಗೋಬೇಕು

ಹಳೇ ಕಾಲದಲ್ಲಿ ಐದಾರು ಥರ ಬರ್ತಿದ್ವು. ಅಮೆರಿಕದವರು ಸಾಮಾನ್ಯ ಜನಕ್ಕೆ ಬರೋ ಜಿಪಿಎಸ್ ಸಿಗ್ನಲ್ಲನ್ನ ಬೇಕಂತಲೇ ಕೆಡಿಸಿ ಬಿಡ್ತಿದ್ರು, ಅದನ್ನ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ್ರು, ಅಲ್ಲಿವರೆಗೂ ನೂರು ಮೀಟರ್ ಆಚೆ ಈಚೆ ತೋರಿಸ್ತಿದ್ದಿದ್ದು ಹತ್ತಿಪ್ಪತ್ತು ಮೀಟರ್‌ಗೆ ಇಳೀತು. ಆಮೇಲೇ ಈ ಡಬ್ಬಿಗಳಿಗೆ ಬೆಲೆ ಬಂದಿದ್ದು. ಹ್ಯಾಂಡ್‌ಸ್ಪ್ರಿಂಗ್ ವೈಸರ್ ಅನ್ನೋ ಪಿಡಿಎಗೆ ಹಿಂದಗಡೆ ಸ್ಪ್ರಿಂಗ್‌ಬೋರ್ಡ್ ಅಂತ ಒಂದು ಗೂಡು ಇತ್ತು, ಅದರೊಳಗೆ ಜಿಪಿಎಸ್ ತೂರಿಸೋದು. ಐಪ್ಯಾಕಿಗೆ ಅಂಗಿ ಥರ ತೊಡಿಸೋ ಜಾಕೆಟ್ ಇತ್ತು. ಕಾಂಪ್ಯಾಕ್ಟ್ ಫ್ಲ್ಯಾಶ್ ಅನ್ನೋ ದೊಡ್ಡ ಮೆಮೊರಿ ಕಾರ್ಡ್ ಸೈಜಲ್ಲೇ ಜಿಪಿಎಸ್, ಎಸ್‌ಡಿ ಕಾರ್ಡ್ ಗೂಡಿಗೆ ಕೂರೋ ಜಿಪಿಎಸ್, ಕಂಪ್ಯೂಟರ್ ಮೌಸ್ ಥರ ವೈರ್ ಇರೋದು, ಕೊನೆಗೆ ಬ್ಲೂಟೂತ್. 2003ರಲ್ಲಿ ಗಾರ್ಮಿನ್‌ನವರು ಐಕ್ಯೂ 3600 ಅಂತ ಜಿಪಿಎಸ್ ಒಳಗೇ ಇರೋ ಪಾಮ್ ಪಿಡಿಎನೇ ತಂದ್ರು.

ಕಾರ್ಡ್ ಥರದ್ದಕ್ಕೆ ಒಂದು ಸುಖ ಇದೆ, ತೂರಿಸಿದ್ರೆ ಮುಗೀತು, ಬೇರೆ ಬ್ಯಾಟರಿ ಚಾರ್ಜ್ ಮಾಡೋದು ಪೇರಿಂಗ್ ಮಾಡೋದು ಯಾವ್ದೂ ಇಲ್ಲ. ಆದ್ರೆ ಅದು ಪಿಡಿಎ ಬ್ಯಾಟರಿನ ಗುಳುಂ ಮಾಡುತ್ತೆ, ಅದೇ ಗೂಡಲ್ಲಿ ಇರ್ಬೇಕಾಗಿದ್ದ ಮೆಮೊರಿ ಕಾರ್ಡಿಗೆ ಜಾಗ ಇರಲ್ಲ, ಮ್ಯಾಪ್ ಇರೋದು ಆ ಕಾರ್ಡಲ್ಲೇ ಆದ್ರೆ ಏನ್ ಮಾಡ್ತೀರ. ಇನ್ನೊಂದು ದೊಡ್ಡ ಅಪಾಯ, ವಿಂಡೋಸ್ ಮೊಬೈಲ್ 5 ಬರೋಕೆ ಮುಂಚಿನ ಪಾಕೆಟ್ ಪಿಸಿಗಳಲ್ಲಿ (ವಿಂಡೋಸ್ ಇರೋ ಪಿಡಿಎಗಳಿಗೆ ಹಂಗಂತಿದ್ರು) ಬ್ಯಾಟರಿ ಪೂರಾ ಖಾಲಿ ಆದ್ರೆ ಒಳಗಿರೋದೆಲ್ಲಾ ಅಳಿಸಿ ಹೋಗ್ತಿತ್ತು. ನಮ್ಮ ಮಾವ ಒಂದ್ಸಲ ದಾರಿ ಹುಡುಕೋಕೆ ಹೋಗಿ ಎಲ್ಲರ ಫೋನ್ ನಂಬರೂ ಕಳ್ಕೊಂಡ್ ಬಂದಿದ್ರು, ಆಮೇಲೇ ಬ್ಲೂಟೂತ್ ಡಬ್ಬಿಗೆ ಹೋಗಿದ್ದು.

ಬ್ಲೂಟೂತಿನ ಅನುಕೂಲ ಏನಂದ್ರೆ ಡಬ್ಬಿ ಒಂದು ಕಡೆ ನೀವೊಂದು ಕಡೆ ಇರ್ಬೋದು. ಡಬ್ಬಿನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಗಾಜಿಗೆ ಹತ್ರ ಇಡಿ, ಟ್ಯಾಬ್ ತೊಡೆ ಮೇಲೆ ಇರ್ಲಿ. ನಡೆಯೋವಾಗ ಬ್ಯಾಗಿನ ಮೇಲಿನ ಜೇಬಲ್ಲಿ ಡಬ್ಬಿ ಆಕಾಶ ನೋಡ್ತಿರುತ್ತೆ, ಟ್ಯಾಬ್ ಒಳಗಿರುತ್ತೆ. ಉಪಗ್ರಹಗಳು ಇರೋದು 20,200 ಕಿಲೋಮೀಟರ್ ಮೇಲೆ, ಸಿಗ್ನಲ್ ಬಂದು ಮುಟ್ಟೋ ಹೊತ್ತಿಗೆ ಎಷ್ಟು ಬಡವಾಗಿರುತ್ತೆ ಅಂದ್ರೆ ಕೈ ಅಡ್ಡ ಬಂದ್ರೂ ತೊಂದರೆ, ಹಂಗಾಗಿ ಆಂಟೆನಾ ಎಲ್ಲಿ ಇಡ್ತೀವಿ ಅನ್ನೋದೇ ಅರ್ಧ ಕೆಲಸ. ತೊಂದರೆ ಅಂದ್ರೆ ಚಾರ್ಜ್ ಮಾಡ್ಬೇಕಾದ ಸಾಮಾನು ಇನ್ನೊಂದು ಜಾಸ್ತಿ ಆಯ್ತು, ಅದು ಆಫ್ ಆಗಿದ್ದು ಗೊತ್ತಾಗೋದು ದಾರಿ ತಪ್ಪಿದ ಮೇಲೆ.

ಇನ್ನೊಂದು ಈಗಿನ ಕಾಲದ್ದು, ಯುಎಸ್‌ಬಿಗೆ ಸಿಕ್ಕಿಸೋ ಹೆಬ್ಬೆರಳು ಗಾತ್ರದ ಡಾಂಗಲ್. ಕಮ್ಮಿ ದುಡ್ಡಿಗೆ ಆನ್‌ಲೈನಲ್ಲಿ ಸಿಗುತ್ತೆ, ಯೂ-ಬ್ಲಾಕ್ಸ್ ಚಿಪ್ ಇರೋದು ನೋಡಿ ತಗೊಳ್ಳಿ. ಲ್ಯಾಪ್‌ಟಾಪಿಗೆ ಚೆನ್ನ. ಟ್ಯಾಬಿಗೆ ಒಟಿಜಿ ಕೇಬಲ್ (ಟ್ಯಾಬಿಗೆ ಯುಎಸ್‌ಬಿ ಸಾಮಾನು ಸಿಕ್ಕಿಸೋ ವೈರ್) ಬೇಕು, ಚಾರ್ಜಿಂಗ್ ಗೂಡೂ ಅದೇ ಆಗಿರೋದ್ರಿಂದ ಎರಡೂ ಒಟ್ಟಿಗೆ ಆಗಲ್ಲ. ಕಾರಲ್ಲಿ ಬೆಂಗಳೂರಿಗೆ ಹೋಗೋದಾದ್ರೆ ಶಿರಾ ದಾಟೋಷ್ಟರಲ್ಲಿ ಟ್ಯಾಬ್ ಮಲಗಿರುತ್ತೆ. ನನ್ನ ಓಟು ಬ್ಲೂಟೂತಿಗೆ.

ಜೋಡಿಸೋದು

ಆಂಡ್ರಾಯ್ಡ್ ಟ್ಯಾಬಿಗೆ ಹೇಳ್ತೀನಿ. ಬ್ಲೂಟೂತ್ ಆನ್ ಮಾಡಿ ಡಬ್ಬಿ ಪೇರ್ ಮಾಡಿ, ಪಿನ್ ಕೇಳಿದ್ರೆ 0000 ಅಥವಾ 1234, ಹಳೇವು ಬಹುತೇಕ ಇವೆರಡರಲ್ಲಿ ಒಂದು. ಪೇರ್ ಆಗಿದ್ದ ತಕ್ಷಣ ಮ್ಯಾಪ್ ನಡಿಯುತ್ತೆ ಅನ್ಕೋಬೇಡಿ, ಎಲ್ಲಾರೂ ಇಲ್ಲೇ ಎಡವೋದು, ನಾನೂ ಎಡವಿದ್ದೆ. ಆಂಡ್ರಾಯ್ಡ್ ತಾನಾಗೇ ಹೊರಗಿನ ಜಿಪಿಎಸ್ ಮಾತು ಕೇಳಲ್ಲ, ಮಧ್ಯ ಒಬ್ಬ ದಲ್ಲಾಳಿ ಬೇಕು. ಪ್ಲೇಸ್ಟೋರಲ್ಲಿ ಬ್ಲೂಟೂತ್ ಜಿಪಿಎಸ್ ಅಂತ ಹುಡುಕಿದ್ರೆ ಅಂಥಾ ಆ್ಯಪ್‌ಗಳು ಸಿಗ್ತಾವೆ. ಆಮೇಲೆ ಸೆಟ್ಟಿಂಗ್ಸಲ್ಲಿ ಅಬೌಟ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ, ಡೆವಲಪರ್ ಆಪ್ಷನ್ಸ್ ತೆರ್ಕೊಳ್ಳುತ್ತೆ, ಅದರಲ್ಲಿ ಮಾಕ್ ಲೊಕೇಶನ್ ಆ್ಯಪ್ ಅನ್ನೋ ಕಡೆ ಈ ದಲ್ಲಾಳಿ ಆ್ಯಪ್ ಆರಿಸಿ. ಆಗ ಓಎಸ್ಎಂಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಮ್ಯಾಪ್ ಆ್ಯಪ್ ಎಲ್ಲಾ ನಡೀತಾವೆ, ಮುಂಚೆನೇ ಕರ್ನಾಟಕದ ಮ್ಯಾಪ್ ಇಳಿಸ್ಕೊಂಡಿದ್ರೆ ಇಂಟರ್ನೆಟ್ಟೂ ಬೇಕಿಲ್ಲ.

ಮಾಕ್ ಅಂದ್ರೆ ನಕಲಿ ಅಂತ ತಾನೆ, ಆದ್ದರಿಂದ ಹಾಜರಿ ಹಾಕೋ ಆ್ಯಪ್ ಥರದವು ಕೆಲವು ಇದನ್ನ ನೋಡಿದ ಕೂಡ್ಲೇ ಮುನಿಸ್ಕೊಳ್ತಾವೆ. ನಿಮ್ಮ ಕೆಲಸ ಅಂಥದ್ದರ ಮೇಲೆ ಇದ್ರೆ ಈ ದಾರಿನೇ ಬ್ಯಾಡ. ಐಪ್ಯಾಡಿನೋರಿಗೆ ಇನ್ನೊಂದು ಎಚ್ಚರಿಕೆ, ಅಟ್ಟದ ಮೇಲಿನ ಡಬ್ಬಿ ಐಪ್ಯಾಡ್ ಜೊತೆ ಮಾತಾಡಲ್ಲ, ಆಪಲ್ ಒಪ್ಪಿಗೆ ಇರೋ ಬ್ಯಾಡ್ ಎಲ್ಫ್, ಗಾರ್ಮಿನ್ ಗ್ಲೋ ಥರದ್ದೇ ಆಗ್ಬೇಕು, ಅವು ದುಬಾರಿ.

ಹಳೇ ಪಾಕೆಟ್ ಪಿಸಿಯಲ್ಲೇ ಮಾಡ್ತೀನಿ ಅನ್ನೋ ಹಟವಾದಿಗಳಿಗೆ: ಮ್ಯಾಪ್ ಆ್ಯಪಲ್ಲಿ ಸರಿಯಾದ ಕಾಮ್ ಪೋರ್ಟ್ (ಜಿಪಿಎಸ್ ಮಾಹಿತಿ ಬರೋ ದಾರಿಯ ನಂಬರ್) ಕೊಡಿ, ಬಾಡ್ ರೇಟ್ (ಮಾಹಿತಿ ಬರೋ ವೇಗ) ವೈರಿಂದಾದ್ರೆ ಸಾಮಾನ್ಯವಾಗಿ 4800. ಒಂದು ಪೋರ್ಟನ್ನ ಒಂದೇ ಆ್ಯಪ್ ಹಿಡ್ಕೊಳ್ಳುತ್ತೆ, ಇನ್ನೊಂದು ಕೇಳಿದ್ರೆ ಕೊಡಲ್ಲ. ವಿಂಡೋಸ್ ಮೊಬೈಲ್ 5ರಿಂದ ಈಚೆಗೆ ಸೆಟ್ಟಿಂಗ್ಸಲ್ಲಿ ಜಿಪಿಎಸ್ ಅಂತಲೇ ಒಂದು ಜಾಗ ಇದೆ, ಅಲ್ಲಿ ಕೊಟ್ರೆ ಎಲ್ಲಾ ಆ್ಯಪೂ ಹಂಚ್ಕೊಳ್ತಾವೆ.

ಮೊದಲನೇ ಸಲ ಕಾಯೋದು

ಫೋನಿಗೆ ಉಪಗ್ರಹಗಳ ಜಾತಕ, ಅಂದ್ರೆ ಯಾವುದು ಯಾವಾಗ ಎಲ್ಲಿರುತ್ತೆ ಅನ್ನೋ ಮಾಹಿತಿ, ನೆಟ್ ಮೂಲಕ ಸಿಗುತ್ತೆ, ಅದಕ್ಕೇ ಎರಡು ಸೆಕೆಂಡಲ್ಲಿ ನೀಲಿ ಚುಕ್ಕೆ ಬರೋದು. ಈ ಡಬ್ಬಿಗೆ ನೆಟ್ ಇಲ್ಲ, ಎಲ್ಲಾನೂ ಆಕಾಶದಿಂದಲೇ ಇಳಿಸ್ಕೋಬೇಕು, ಅದೂ ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಪೂರ್ತಿ ಪಂಚಾಂಗ ಇಳಿಯೋಕೆ ಹನ್ನೆರಡೂವರೆ ನಿಮಿಷ ಬೇಕು. ಹಂಗಾಗಿ ತಿಂಗಳುಗಟ್ಟಲೆ ಡ್ರಾಯರಲ್ಲಿದ್ದ ಡಬ್ಬಿ ಆನ್ ಮಾಡಿ ಎರಡ್ ನಿಮಿಷಕ್ಕೇ "ಕೆಟ್ಟೋಗಿದೆ" ಅಂತ ಎಸೀಬೇಡಿ. ಬಯಲಲ್ಲಿ ಕಾಲು ಗಂಟೆ ಅಲ್ಲಾಡಿಸ್ದೆ ಇಟ್ಟು ಟೀ ಕುಡಿದ್ಕೊಂಡು ಬನ್ನಿ. ಬಸ್ಸಲ್ಲಿ ಓಡ್ತಾ ಓಡ್ತಾ ಮೊದಲ ಸಲ ಹಿಡಿಸೋಕೆ ಹೋದ್ರೆ ಹರಿಹರದಿಂದ ಹಾವೇರಿವರೆಗೂ ಹುಡುಕ್ತಾನೇ ಇರುತ್ತೆ. ಒಂದ್ಸಲ ಹಿಡಿದ ಮೇಲೆ ಒಂದೆರಡು ತಾಸಿನೊಳಗೆ ಮತ್ತೆ ಆನ್ ಮಾಡಿದ್ರೆ ಬೇಗ ಹಿಡಿಯುತ್ತೆ.

ತಾರೀಕು ನೋಡಿ ಗಾಬರಿ ಆಗ್ಬೇಡಿ. ನಮ್ಮ ಡಬ್ಬಿ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸ್ತು. ಜಿಪಿಎಸ್ಸಲ್ಲಿ ವಾರದ ಲೆಕ್ಕ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರು ಆಗುತ್ತೆ, ಈಚೆಗೆ ಆಗಿದ್ದು 2019ರ ಏಪ್ರಿಲಲ್ಲಿ, ಹಳೇ ಡಬ್ಬಿಗಳು ಇದರಲ್ಲಿ ತಲೆ ಕೆಡಿಸ್ಕೊಳ್ತಾವೆ. ಜಾಗ ಸರಿಯಾಗೇ ತೋರಿಸುತ್ತೆ, ಟ್ರ್ಯಾಕ್ ಸೇವ್ ಮಾಡಿದ್ರೆ ಮಾತ್ರ ತಾರೀಕು ತಪ್ಪಿರುತ್ತೆ.

ಕೋಟೆಯಲ್ಲಿ ನೋಡಿದ್ದು

ಚಿತ್ರದುರ್ಗದ ಕೋಟೆಗೆ ತಗೊಂಡು ಹೋಗಿದ್ದೆ, ಅದಕ್ಕಿಂತ ಒಳ್ಳೆ ಪರೀಕ್ಷೆ ಈ ಕಡೆ ಇಲ್ಲ. ಒನಕೆ ಓಬವ್ವನ ಕಿಂಡಿ ಹತ್ರ ಎರಡೂ ಕಡೆ ಬಂಡೆ, ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಅಲ್ಲಿ ಚುಕ್ಕೆ ಎತ್ತೆತ್ತಲೋ ಹೋಯ್ತು, ಬಂಡೆಗೆ ಬಡಿದು ಬರೋ ಸಿಗ್ನಲ್ ಹಂಗೇ ಮಾಡೋದು, ಯಾವ ಜಿಪಿಎಸ್ ಆದ್ರೂ ಅಷ್ಟೇ. ಆದ್ರೆ ಅಕ್ಕ ತಂಗಿ ಹೊಂಡದ ಹತ್ರ ಆಕಾಶ ಅಗಲವಾಗಿದ್ರೂ ಚುಕ್ಕೆ ನಿಂತಲ್ಲೇ ನಿಂತಿತ್ತು. ನಾನು ಮೆಟ್ಟಿಲು ಹತ್ತುತಾ ಇದೀನಿ, ಅದು ಅಲ್ಲಾಡ್ತಿಲ್ಲ. ಆಮೇಲೆ ಸರಸರ ನಡೆದ್ರೆ ಟಕ್ಕಂತ ಮುಂದಕ್ಕೆ ಹಾರಿ ಬಂತು. ಬಂಡೆ ತಪ್ಪಲ್ಲ ಇದು ಅಂತ ಆಗ ಗೊತ್ತಾಯ್ತು.

ಆ ಡಬ್ಬಿಯೊಳಗೆ ಇರೋದು ಸರ್ಫ್‌ಸ್ಟಾರ್ 3 ಚಿಪ್ಪು, ಆ ಕಾಲಕ್ಕೆ ರಾಜ. ಅದರಲ್ಲಿ ಸ್ಟ್ಯಾಟಿಕ್ ನ್ಯಾವಿಗೇಶನ್ ಅಂತ ಒಂದು ಏರ್ಪಾಡು, ಟ್ರಾಫಿಕ್ ಸಿಗ್ನಲ್ಲಲ್ಲಿ ಕಾರು ನಿಂತಾಗ ಚುಕ್ಕೆ ಸುಮ್ನೆ ಅಲೆದಾಡದೇ ಇರ್ಲಿ ಅಂತ, ಗಂಟೆಗೆ ನಾಲ್ಕೈದು ಕಿಲೋಮೀಟರಿಗಿಂತ ನಿಧಾನ ಇದ್ರೆ ಜಾಗನ ಹಿಡಿದು ನಿಲ್ಲಿಸಿಬಿಡುತ್ತೆ. ಕಾರಿಗೆ ಸರಿ, ಕೋಟೆ ಹತ್ತೋ ಮನುಷ್ಯಂಗೆ ಶಾಪ. ಲ್ಯಾಪ್‌ಟಾಪಲ್ಲಿ ಸರ್ಫ್‌ಡೆಮೋ ಸಾಫ್ಟ್‌ವೇರ್ ಹಾಕಿ ಅದನ್ನ ಆಫ್ ಮಾಡ್ಬೋದು, ಆದ್ರೆ ಡಬ್ಬಿನ ಸರ್ಫ್ ಭಾಷೆಗೆ ತಿರುಗಿಸಿ ಕೆಲಸ ಮುಗಿಸಿದ ಮೇಲೆ ನೆನಪಿಟ್ಟು ವಾಪಸ್ ಮ್ಯಾಪ್ ಆ್ಯಪ್‌ಗಳಿಗೆ ಅರ್ಥ ಆಗೋ ಎನ್‌ಎಂಇಎ ಭಾಷೆಗೆ ತನ್ನಿ. ಮರೆತ್ರೆ ಟ್ಯಾಬಿಗೆ ಅದು ಹೇಳೋದು ಒಂದಕ್ಷರನೂ ಅರ್ಥ ಆಗಲ್ಲ, ನಾನು ಒಂದು ಭಾನುವಾರ ಪೂರ್ತಿ ಹಿಂಗೇ ಕಳೆದಿದೀನಿ.

ಅಂಕಿ ಓದೋ ತಪ್ಪು

ಡಬ್ಬಿ ಕಳಿಸೋದು ಬರೀ ಸಾಲು ಸಾಲು ಅಕ್ಷರ. ‘ಜಿಪಿಜಿಜಿಎ’ ಅಂತ ಶುರು ಆಗೋ ಸಾಲಲ್ಲಿ ಜಾಗ ಇರುತ್ತೆ. ನಮ್ಮನೆ ಮಾಳಿಗೆ ಮೇಲೆ 1427.84 ಉತ್ತರ, 07555.20 ಪೂರ್ವ ಅಂತ ಬಂತು. ನಾನು ಜಾಣ, ಅದನ್ನ 14.2784, 75.5520 ಅಂತ ಮ್ಯಾಪಲ್ಲಿ ಹಾಕಿದೆ. ಚುಕ್ಕೆ ಹೋಗಿ ಹೊನ್ನಾಳಿ ಆಚೆ ಬಿತ್ತು, 45 ಕಿಲೋಮೀಟರ್ ಹತ್ರ ದೂರ! "ಮಾಳಿಗೆ ಮೇಲೆ ನಿಂತ್ಕಂಡೇ ಶಿಕಾರಿಪುರದ ದಾರಿ ಹಿಡಿದ್ಯೇನೋ" ಅಂತ ಅಕ್ಕ ನಕ್ಕಿದ್ದೇ ನಕ್ಕಿದ್ದು. ಅದು 14 ಡಿಗ್ರಿ, 27.84 ನಿಮಿಷ. ನಿಮಿಷನ 60ರಿಂದ ಭಾಗಿಸಿದ್ರೆ 0.464, ಅಂದ್ರೆ 14.464. ಪೂರ್ವದ್ದು 75.92. ಈಗ ದಾವಣಗೆರೆಗೇ ಬಂತು. ಆ್ಯಪ್ ಇದನ್ನೆಲ್ಲಾ ತಾನೇ ಮಾಡ್ಕೊಳ್ಳುತ್ತೆ, ಕೈಯಲ್ಲಿ ಬರ್ಕೊಳ್ಳೋರು, ಎಕ್ಸೆಲಲ್ಲಿ ತುಂಬೋರು ಹುಷಾರು.

ಹೊಲ ಅಳೆಯೋಕೆ ಆಗುತ್ತಾ

ಎಲ್ಲಾರೂ ಕೇಳೋದು ಇದನ್ನೇ. ಬೋರ್‌ವೆಲ್ ಎಲ್ಲಿದೆ, ಕೃಷಿ ಹೊಂಡ ಎಲ್ಲಿದೆ ಅಂತ ಗುರುತು ಹಾಕ್ಕೊಳ್ಳೋಕೆ ಆಗುತ್ತೆ. ಬದುವಿನ ಜಗಳಕ್ಕೆ ಆಗಲ್ಲ. ಲೆಕ್ಕ ಹಾಕಿ ನೋಡಿ: ಚೌಕಾಗಿರೋ 10 ಗುಂಟೆ ಅಂದ್ರೆ ಒಂದು ಬದಿ ಸುಮಾರು 32 ಮೀಟರ್. ಡಬ್ಬಿ ಮೂರು ಮೀಟರ್ ತಪ್ಪೋದು ಮಾಮೂಲಿ. ಎದುರುಬದುರು ಎರಡೂ ಬದಿ ಸೇರಿ 6 ಮೀಟರ್ ಜಾಸ್ತಿ ಬಂದ್ರೆ 38 ಆಯ್ತು, ಅಲ್ಲಿಗೆ ನಿಮ್ಮ 10 ಗುಂಟೆ 14 ಗುಂಟೆ ಆಯ್ತು. ಪಕ್ಕದ ಹೊಲದೋರು ಸುಮ್ನಿರ್ತಾರಾ. ಹತ್ತಾರು ಎಕರೆ ಇದ್ರೆ ಅಂದಾಜಿಗೆ ಪರವಾಗಿಲ್ಲ. ಸರ್ವೆಯವರು ತರೋ ರೋವರ್ ಅನ್ನೋ ಅಳತೆ ಜಿಪಿಎಸ್ ಸೆಂಟಿಮೀಟರ್ ಲೆಕ್ಕದ್ದು, ಅದರ ಜಾತಿನೇ ಬೇರೆ.

ನಮ್ಮ ದೇಶದ ಗಗನ್ ಅಂತ ಇದೆಯಲ್ಲ, ಜಿಪಿಎಸ್ ತಪ್ಪನ್ನ ತಿದ್ದಿ ಹೇಳೋ ಉಪಗ್ರಹ ವ್ಯವಸ್ಥೆ, ಅದನ್ನ ಹಿಡಿಯೋ ಡಬ್ಬಿ ಆದ್ರೆ ಸ್ವಲ್ಪ ಸುಧಾರಿಸುತ್ತೆ. ಹೊಸದು ತಗೊಳ್ಳೋದಾದ್ರೆ ಗಗನ್ ಅಥವಾ ಎಸ್‌ಬಿಎಎಸ್ (ಇಂಥಾ ತಿದ್ದೋ ವ್ಯವಸ್ಥೆಗಳಿಗೆಲ್ಲಾ ಸೇರಿ ಇರೋ ಹೆಸರು) ಅಂತ ಬರೆದಿದೆಯಾ ನೋಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು

ಮಾರೋರ ಅಂಗಡಿ ಒಳಗೆ, ಶೀಟಿನ ಕೆಳಗೆ ಪರೀಕ್ಷೆ ಮಾಡ್ಬೇಡಿ, ಬೀದಿಗೆ ತಗೊಂಡ್ ಬನ್ನಿ, ಕಾಲು ಗಂಟೆ ಕೊಡಿ. ಬ್ಯಾಟರಿ ಬಿಚ್ಚೋಕೆ ಬರುತ್ತಾ ನೋಡಿ, ಅಂಟಿಸಿಟ್ಟಿದ್ರೆ ಬಿಟ್ಬಿಡಿ. ಚಾರ್ಜರ್ ಪಿನ್ ಈಗ ಸಿಗೋ ಥರದ್ದಾ ಕೇಳಿ. ನಾನು ಇನ್ನೊಂದು ಡಬ್ಬಿ ಹಿಂಗೇ ತಗೊಂಡು ಮನೆಗೆ ಬಂದ ಮೇಲೆ ಅದರ ಪಿನ್ನಿನ ವೈರ್ ಇಡೀ ಊರಲ್ಲಿ ಸಿಗ್ಲಿಲ್ಲ, ಕೊನೆಗೆ ರಿಪೇರಿ ಹುಡುಗ ಬ್ಯಾಟರಿನ ಹೊರಗೆ ತೆಗೆದು ಯೂನಿವರ್ಸಲ್ ಚಾರ್ಜರಿಗೆ ಕ್ಲಿಪ್ ಹಾಕಿ ಚಾರ್ಜ್ ಮಾಡ್ಕೊಟ್ಟ. ಈಗ್ಲೂ ಪ್ರತಿ ಸಲ ಹಂಗೇ ಮಾಡ್ಕೊಳ್ತಿದೀನಿ.