ಒಂದು ಜೀಮ್, ಒಂದು ಗೈನ್: ಎಂಬೆಸಿ ಕೆಲಸದಲ್ಲಿ ನನ್ನ ಅನುಭವ

ಐಎಫ್‌ಎಸ್ ಸಿಕ್ತು ಅಂತ ಊರಿಗೆ ಫೋನ್ ಮಾಡಿದಾಗ ನಮ್ಮ ದೊಡ್ಡಪ್ಪ ಕೇಳಿದ್ದು ಒಂದೇ ಮಾತು, "ಯಾವ ಕಾಡಿಗ್ ಹಾಕ್ತಾರಂತಪ್ಪಾ?" ಫಾರೆಸ್ಟ್ ಸರ್ವೀಸ್‌ಗೂ ಅದೇ ಮೂರಕ್ಷರ, ಅವರ ತಪ್ಪೇನಿಲ್ಲ. ಫಾರಿನ್ ಸರ್ವೀಸ್ ಅಂತ ಬಿಡಿಸಿ ಹೇಳಿದ್ಮೇಲೆ ಎಲ್ರ ಕಣ್ಮುಂದೆ ಬಂದಿದ್ದು ಕೋಟು, ಟೈ, ಬಾವುಟ ಹಾಕಿರೋ ಕಾರು. ನನಗೂ ಅಷ್ಟೇ, ಸುಳ್ಯಾಕೆ ಹೇಳ್ಲಿ. ಬಾವುಟದ ಕಾರು ರಾಯಭಾರಿಗೆ, ಥರ್ಡ್ ಸೆಕ್ರೆಟರಿಗೆ, ಅಂದ್ರೆ ನನ್ನಂಥ ಹೊಸಬನಿಗೆ, ಟ್ಯಾಕ್ಸಿನೇ ಗತಿ.

ಮಸ್ಸೂರಿ, ಡೆಲ್ಲಿ ಟ್ರೈನಿಂಗ್ ಬಗ್ಗೆ ಬೇರೆಯವರು ಬೇಕಾದಷ್ಟು ಬರ್ದಿದಾರೆ, ಬಿಡಿ. ಈ ಕೆಲಸದಲ್ಲಿ ಪ್ರತಿಯೊಬ್ರೂ ಒಂದು ವಿದೇಶಿ ಭಾಷೆ ಕಲೀಲೇಬೇಕು, ಪರೀಕ್ಷೆ ಪಾಸಾಗದೆ ನೌಕರಿ ಕನ್ಫರ್ಮ್ ಆಗಲ್ಲ. ನನಗೆ ಬಂದಿದ್ದು ಅರೇಬಿಕ್, ಕಳ್ಸಿದ್ದು ಕೈರೋಗೆ. ಕ್ಲಾಸಲ್ಲಿ ಹೇಳ್ಕೊಡೋದು ಪುಸ್ತಕದ ಅರೇಬಿಕ್, ಹೊರಗೆ ಬಂದು ಫೂಲ್, ಅಂದ್ರೆ ಬೇಯಿಸಿದ ಕಾಳು, ಮಾರೋನ ಹತ್ರ ಅದನ್ನ ಮಾತಾಡಿದ್ರೆ ನಮ್ಮೂರ ಸಂತೇಲಿ ಹಳೆಗನ್ನಡದಲ್ಲಿ ಚೌಕಾಸಿ ಮಾಡಿದ ಹಾಗೆ. ಇನ್ನೊಂದು ತಮಾಷೆ ಅಂದ್ರೆ ಕೈರೋದವರು ಜೀಮ್ ಅನ್ನೋ ಅಕ್ಷರನ ಜ ಅನ್ನಲ್ಲ, ಗ ಅಂತಾರೆ, ಜಮೀಲ್ ಅಲ್ಲಿ ಗಮೀಲ್. ಇದು ನೆನಪಿರ್ಲಿ, ಮುಂದೆ ಬರುತ್ತೆ. 2011ರ ಜನವರಿ 25ಕ್ಕೆ ತಹ್ರೀರ್ ಚೌಕದಲ್ಲಿ ಜನ ಸೇರಿದ್ರು, ಕ್ಲಾಸ್ ಬಂದ್ ಆಯ್ತು, ಫೆಬ್ರವರಿ 11ಕ್ಕೆ ಅಧ್ಯಕ್ಷ ಮುಬಾರಕ್ ಇಳಿಯೋತನಕ ನನ್ನ ಪಾಠ ಎಲ್ಲ ಟಿವಿ ಮತ್ತು ಕಿಟಕಿಯಿಂದ. "ಇರ್ಹಲ್, ಇರ್ಹಲ್" ಅಂತಿದ್ರು, ಅಂದ್ರೆ ತೊಲಗು.

2013ರಲ್ಲಿ ನಾನು ರಿಯಾದ್‌ನಲ್ಲಿದ್ದೆ. ಸೌದಿ ಸರ್ಕಾರ ನಿತಾಕತ್, ಅಂದ್ರೆ ಕಂಪನಿಗಳು ಇಷ್ಟು ಜನ ಸೌದಿಯವರನ್ನೇ ಕೆಲಸಕ್ಕೆ ಇಟ್ಕೋಬೇಕು ಅನ್ನೋ ನಿಯಮ, ಬಿಗಿ ಮಾಡಿ, ಪೇಪರ್ ಸರಿಯಿಲ್ಲದವರೆಲ್ಲ ಜುಲೈ 3ರೊಳಗೆ ಸರಿ ಮಾಡ್ಕೊಳ್ಳಿ ಇಲ್ಲ ದೇಶ ಬಿಡಿ ಅಂತು, ಆಮೇಲೆ ಗಡುವು ನವೆಂಬರ್ 3ಕ್ಕೆ ಹೋಯ್ತು. ಎಂಬೆಸಿ ಮುಂದೆ ಆ ಬಿಸಿಲಲ್ಲಿ ಕ್ಯೂ ನೋಡ್ಬೇಕಿತ್ತು ನೀವು. ಎಷ್ಟೋ ಜನರ ಪಾಸ್‌ಪೋರ್ಟ್ ಕಫೀಲ್ ಹತ್ರ, ಅಂದ್ರೆ ವೀಸಾ ಕೊಟ್ಟು ಕರೆಸ್ಕೊಂಡ ಧಣಿ ಹತ್ರ, ಕಫೀಲ್ ಯಾರು ಎಲ್ಲಿದಾನೆ ಗೊತ್ತಿಲ್ಲ, ಕೆಲವರ ಮೇಲೆ ಹುರೂಬ್ ಬೇರೆ, ಅಂದ್ರೆ ಕೆಲಸ ಬಿಟ್ಟು ಓಡಿಹೋದ ಅಂತ ಕಂಪ್ಲೇಂಟ್. ಅವರಿಗೆ ನಾವು ಕೊಡೋದು ಎಮರ್ಜೆನ್ಸಿ ಸರ್ಟಿಫಿಕೇಟ್, ಊರಿಗೆ ಒಂದು ಸಲ ಹೋಗೋಕಷ್ಟೇ ಆಗೋ ಪತ್ರ. ಅದನ್ನ ಹಿಡ್ಕೊಂಡು ತರ್ಹೀಲ್‌ಗೆ, ಅಂದ್ರೆ ಗಡೀಪಾರು ಆಫೀಸಿಗೆ ಹೋಗಿ ಬೆರಳಚ್ಚು ಕೊಡ್ಬೇಕು. ಇರ್ಹಲ್, ತರ್ಹೀಲ್ ಎರಡಕ್ಕೂ ಧಾತು ಒಂದೇ, ಕೈರೋದಲ್ಲಿ ರಾಜನಂಥವನಿಗೆ ಹೇಳಿದ್ದನ್ನ ಇಲ್ಲಿ ಗಾರೆ ಕೆಲಸದವನಿಗೆ ಹೇಳ್ತಿದ್ರು.

ಕುಂದಾಪುರ ಕಡೆಯವರೊಬ್ರು ಬಂದಿದ್ರು, ಗಣೇಶ ಅಂತ ಇಟ್ಕೊಳ್ಳಿ. ಆರು ವರ್ಷ ಊರು ನೋಡಿಲ್ಲ. ನಾನು ಕನ್ನಡದಲ್ಲಿ ಮಾತಾಡಿದ ತಕ್ಷಣ ಕೌಂಟರ್ ಗಾಜಿಗೆ ಅಂಗೈ ಒತ್ತಿ ನಿಂತ್ರು, ಸಿಮೆಂಟ್ ತಿಂದು ಬಿರಿದ ಕೈ, ಉಗುರಿನ ಸುತ್ತ ಬೆಳ್ಳಗೆ. "ಊರಿಗ್ ಹೋಯ್ಕ್ ಸರ್, ಅಷ್ಟೇ." ನಮ್ಮೋರು ಅಂತ ಖುಷಿಗೆ ಅವರ ಪತ್ರ ನಾನೇ ಅರೇಬಿಕ್‌ನಲ್ಲಿ ಕೈಯಾರೆ ಬರ್ದೆ, ಕ್ಲರ್ಕಿಗೂ ಕೊಡ್ಲಿಲ್ಲ.

ಮಾರನೇ ದಿನ ಸಂಜೆ ಅವರು ವಾಪಸ್ ಬಂದು ನಿಂತಿದಾರೆ. ತರ್ಹೀಲ್‌ನೋರು ಬೆರಳಚ್ಚು ಸರಿ ಇದೆ, ಹೆಸರು ಬೇರೆ ಅಂದ್ರಂತೆ. ಅರೇಬಿಕ್‌ನಲ್ಲಿ ನಮ್ಮ ಪ ಇಲ್ಲ, ವ ಇಲ್ಲ, ಗ ಇಲ್ಲ. ಪದ್ಮನಾಭ ಬದ್ಮನಾಬ ಆಗ್ತಾರೆ, ವೆಂಕಟೇಶ ಫೆಂಕಟೇಶ. ಗಣೇಶನ್ನ ಇಕಾಮಾದಲ್ಲಿ, ಅಂದ್ರೆ ಸೌದಿಯ ವಾಸದ ಪರವಾನಗಿ ಕಾರ್ಡಲ್ಲಿ, ಗೈನ್ ಅನ್ನೋ ಗಂಟಲಿನ ಅಕ್ಷರ ಹಾಕಿ ಬರ್ದಿದ್ರು, ನಾನು ಕೈರೋ ಚಾಳಿಯಲ್ಲಿ ಜೀಮ್ ಹಾಕಿದ್ದೆ. ರಿಯಾದ್‌ನಲ್ಲಿ ಅದನ್ನ ಓದಿದ್ರೆ ಜಣೇಶ. ಫೋನ್ ಮಾಡಿದ್ರೆ ಅಲ್ಲಿನ ಆಫೀಸರ್ ನಗ್ತಾ ಕೇಳ್ದ, "ಇದನ್ನ ಬರ್ದಿದ್ದು ಮಸ್ರೀನಾ?" ಮಸ್ರಿ ಅಂದ್ರೆ ಈಜಿಪ್ಟಿನವನು. ಬೇರೆ ದಿನ ಆಗಿದ್ರೆ ನನ್ನ ಉಚ್ಚಾರಕ್ಕೆ ಸಿಕ್ಕ ಸರ್ಟಿಫಿಕೇಟ್ ಅಂತ ಹೆಮ್ಮೆ ಪಡ್ತಿದ್ದೆ.

ಗಣೇಶ ಬೈಲಿಲ್ಲ. ಒಂದು ದಿನದ ಟ್ಯಾಕ್ಸಿ ದುಡ್ಡು ಹೋಯ್ತಲ್ಲ ಅಂತಷ್ಟೇ ಅಂದ್ರು, ಅದೇ ಚುಚ್ಚಿದ್ದು. ಹೊಸ ಪತ್ರ ಬರೆದು, ಈ ಸಲ ಡ್ರೈವರ್ ಜೊತೆ ನಾನೇ ಹೋದೆ. ಆಮೇಲೆ ಕೌಂಟರ್ ಒಳಗಡೆ ಒಂದು ಚೀಟಿ ಅಂಟಿಸ್ದೆ: ಹೆಸರು ಇಕಾಮಾದಲ್ಲಿ ಹೇಗಿದ್ಯೋ ಹಾಗೇ ನಕಲು ಮಾಡಿ, ಬುದ್ಧಿ ಉಪಯೋಗಿಸ್ಬೇಡಿ. ಅದರ ಕೆಳಗೆ ಯಾರೋ ಕ್ಲರ್ಕ್ ಪೆನ್ಸಿಲ್ಲಲ್ಲಿ "ಸಾಹೇಬ್ರಿಗೂ ಅನ್ವಯ" ಅಂತ ಹಿಂದಿಯಲ್ಲಿ ಸೇರ್ಸಿದ್ದ, ನಾನು ಅಳ್ಸೋಕೆ ಹೋಗ್ಲಿಲ್ಲ.